ಲೀಗ್ ಒಂದೇ, ಯುರೋಪಿಯನ್ ಕಪ್ ಮಾತ್ರ ಎರಡು!

ಪ್ರಶ್ನೆ: ಎನ್.ವಿ. ಗ್ರೌಂಡ್‌ನಾಗ ಫುಟ್‌ಬಾಲ್ ಆಡೋ ನಮ್ಮ ಹುಡುಗರ ನಡುವ ಶರ್ತು ಬಿದ್ದದ ಸರ. ತಮ್ಮ ದೇಶದ ಲೀಗ್ ಒಂದೇ ಸಲ ಗೆದ್ದು, ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಎರಡು ಸಲ ಹೊಡ್ದ ಇಂಗ್ಲೆಂಡ್ ಕ್ಲಬ್ ಅದ ಅಂತ ಒಬ್ಬ ಅಂತಾನ, ಉಳದವರು ಸುಳ್ಳು ಅಂತಾರ. ಯಾವುದು ಖರೆ?
— ಓದುಗ, ಕಲಬುರಗಿ

ಉತ್ತರ: ಖರೆನೇ ಅದರಿ, ಅವನಿಗಿ ಸುಸ್ಲಾ-ಮಿರ್ಚಿ ಕೊಡಸ್ಲಾಕ ಹೇಳ್ರಿ. ಆ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್. 1977ರಾಗ ಎರಡನೇ ಡಿವಿಜನ್‌ನಾಗ ಮೂರನೇ ನಂಬರ್ ಬಂದು ಹ್ಯಾಂಗೋ ಮ್ಯಾಲಿನ ಲೀಗಿಗಿ ಹತ್ತಿದ ಟೀಮು, ಕೋಚ್ ಬ್ರಯಾನ್ ಕ್ಲಫ್, ಬಾಯಿ ಭಾಳ ಜೋರು ಮನಷ್ಯಾ, ಮರುವರ್ಷನೇ ಲಿವರ್‌ಪೂಲಿಗಿ 7 ಪಾಯಿಂಟ್ ಹಿಂದ್ ಹಾಕಿ ಲೀಗ್ ಗೆದ್ದಬಿಟ್ಟ. ಯುರೋಪಿಗಿ ಹೋದ್ರ ಮೊದಲನೇ ರೌಂಡಿನಾಗೇ ಮತ್ತ ಅದೇ ಲಿವರ್‌ಪೂಲ್, ಎರಡು ವರ್ಷದಿಂದ ಕಪ್ ಇಟಕೊಂಡು ಕುಂತಿದ್ದ ಟೀಮು, ಅದಕ್ಕೂ ಮನಿಗಿ ಕಳಸಿದ್ರು.

1979ರ ಫೈನಲ್ ಮ್ಯೂನಿಕ್‌ನಾಗ, ಸ್ವೀಡನ್‌ನ ಮಾಲ್ಮೋ ಮ್ಯಾಲ. ಹತ್ತು ಲಕ್ಷ ಪೌಂಡಿಗಿ ಬಂದಿದ್ದ ಟ್ರೆವರ್ ಫ್ರಾನ್ಸಿಸ್, ಬ್ರಿಟನ್ನಾಗ ಅಷ್ಟ್ ರೊಕ್ಕದ ಮೊದಲನೇ ಆಟಗಾರ, ರೂಲ್ಸ್ ಪ್ರಕಾರ ಅಲ್ಲಿತನಕ ಆ ಕಪ್ಪಿನಾಗ ಆಡ್ಲಾಕೇ ಬರ್ತಿರ್ಲಿಲ್ಲ, ಫೈನಲ್ಲೇ ಅವಂದು ಮೊದಲನೇ ಮ್ಯಾಚು. ಹಾಫ್‌ಟೈಮಿಗಿ ಸ್ವಲ್ಪ ಮೊದ್ಲ ಎಡಗಡಿಯಿಂದ ರಾಬರ್ಟ್‌ಸನ್ ಬಾಲ್ ಎತ್ತಿ ಹಾಕ್ದ, ದೂರದ ಕಂಬದ ಕಡಿ ಓಡಿ ಬಂದ ಫ್ರಾನ್ಸಿಸ್ ತಲಿ ಹಚ್ಚಿದ, 1-0, ಮುಗೀತು. ಮರುವರ್ಷ ಮ್ಯಾಡ್ರಿಡ್‌ನಾಗ ಹ್ಯಾಂಬರ್ಗ್ ಮ್ಯಾಲನೂ 1-0, ಗೋಲು ರಾಬರ್ಟ್‌ಸನ್‌ದು, ಫ್ರಾನ್ಸಿಸ್‌ಗ ಗಾಯ ಆಗಿ ಹೊರಗಿದ್ದ.

ಆದ್ರ ನನ್ನ ಕೇಳಿದ್ರ ಕಪ್ಪಿಗಿಂತ ದೊಡ್ಡದು ಬ್ಯಾರೆನೇ ಅದ. 1977ರ ನವೆಂಬರ್‌ದಿಂದ ಮುಂದ ಲೀಗ್‌ನಾಗ ಸತತ 42 ಮ್ಯಾಚು ಸೋತಿಲ್ಲ ಆ ಮಂದಿ! ಯುರೋಪ್ ಕಪ್ 9 ಮ್ಯಾಚಿನಾಗ ಕೈಗಿ ಬರ್ತಿತ್ತು, ಇದು ಹಂಗಲ್ಲ, ಮಳಿ ಚಳಿ ಕೆಸರು ಎಲ್ಲಾದ್ರಾಗೂ ವಾರವಾರ ನಿಲ್ಲಬೇಕು. ಈ ರೆಕಾರ್ಡ್ ಮುರಿಲಾಕ 2004ರಾಗ ಆರ್ಸೆನಲ್ ಬರ್ಬೇಕಾಯ್ತು.

ಪ್ರಶ್ನೆ: ಇಷ್ಟೆಲ್ಲಾ ಗೆದ್ದವರ ಹೆಸರು ನಮ್ಮ ಹುಡುಗರಿಗಿ ಯಾಕ ಗೊತ್ತಿಲ್ರಿ?
— ಓದುಗಿ, ಬೀದರ್

ಉತ್ತರ: ಟಿ.ವಿ.ಯಾಗ ಕಾಣಲಿಲ್ಲಲ್ರಿ ಮತ್ತ! 1993ರಾಗ ಟೀಮು ಕೆಳಗ ಬಿತ್ತು, ಕ್ಲಫ್‌ನೂ ಬಿಟ್ಟ. 2005ರಾಗ ಮೂರನೇ ದರ್ಜೆಗೇ ಇಳೀತು, ಯುರೋಪಿಯನ್ ಕಪ್ ಗೆದ್ದ ಯಾವ ಕ್ಲಬ್ಬೂ ಅದಕ್ಕಿಂತ ಮೊದ್ಲ ಅಷ್ಟ್ ಕೆಳಗ ಹೋಗಿರ್ಲಿಲ್ಲ, ಇದೂ ಒಂದು ರೆಕಾರ್ಡೇ ಅನ್ರಿ. 2022ರಾಗ ವೆಂಬ್ಲಿಯಾಗ ಹಡರ್ಸ್‌ಫೀಲ್ಡ್‌ಗ ಸೋಲಿಸಿ ಪ್ರೀಮಿಯರ್ ಲೀಗಿಗಿ ವಾಪಸ್ ಬಂದಾರ, 2025ರಾಗ 7ನೇ ನಂಬರ್ ಬಂದು ಯುರೋಪ್ ಟಿಕೆಟ್ಟೂ ತಗೊಂಡ್ರು.