ಡಿಸೆಂಬರ್‌ನಲ್ಲಿ ಎರಡು ದಿನ ಅಮೆರಿಕದ ಇಂಡಿಯಾನಾಪೊಲಿಸ್‌ಗೆ ಹೋದರೆ ಏನೇನು ನೋಡಬಹುದು?

ನಾಲ್ಕು ಮತ್ತು ಎಂಟು ವರ್ಷದ ಮಕ್ಕಳು, ಊರಿಂದ ಬಂದಿರುವ ಅಪ್ಪ-ಅಮ್ಮ, ಕೈಯಲ್ಲಿರುವುದು ಎರಡೇ ದಿನ, ಪಟ್ಟಿಯಲ್ಲಿ ಐದು ಮ್ಯೂಸಿಯಂ. ಎಲ್ಲಾ ಆಗುತ್ತಾ ಅಂತ ಕೇಳಿದ್ದೀರಿ. ಆಗಲ್ಲ. ಮೂರನ್ನು ಈಗಲೇ ಹೊಡೆದುಹಾಕಿ.

ಮೊದಲ ದಿನ ಪೂರ್ತಿ ಚಿಲ್ಡ್ರನ್ಸ್ ಮ್ಯೂಸಿಯಂಗೆ ಇಟ್ಟುಬಿಡಿ. 1925ರಲ್ಲಿ ಶುರುವಾದದ್ದು, ಮಕ್ಕಳ ಮ್ಯೂಸಿಯಂಗಳಲ್ಲಿ ಜಗತ್ತಿಗೇ ದೊಡ್ಡದು. ನಾವು ಕಳೆದ ವರ್ಷ "ಎರಡು ಗಂಟೆ ಸಾಕು" ಅಂದುಕೊಂಡು ಹೋದವರು, ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮಗಳನ್ನು ಎಳೆದುಕೊಂಡು ಬಂದೆವು. ಹೊರಗೇ ಗೋಡೆ ಒಡೆದುಕೊಂಡು ಡೈನೋಸಾರ್ ನಿಂತಿರುತ್ತೆ, ಚಿಕ್ಕವರು ಅಲ್ಲೇ ಅರ್ಧ ಗಂಟೆ ಕಳೆದುಬಿಡುತ್ತಾರೆ. ಒಳಗೆ ನಿಜವಾದ ಡೈನೋಸಾರ್ ಮೂಳೆಗಳಿವೆ.

ಅಪ್ಪ-ಅಮ್ಮನ ಚಿಂತೆ ಬೇಡ. ನಮ್ಮ ಅತ್ತೆಗೆ ಎಸ್ಕಲೇಟರ್ ಅಂದರೆ ಆಗದು. ಇಲ್ಲಿ ಸುತ್ತಿಕೊಂಡು ಮೇಲೆ ಹೋಗುವ ಇಳಿಜಾರು ದಾರಿ ಇದೆ, ಅದರ ನಡುವೆ ಕೆಂಪು, ಹಳದಿ, ನೀಲಿ ಗಾಜಿನ ಗೋಪುರ. 43 ಅಡಿ ಎತ್ತರ, 3,200 ಗಾಜಿನ ತುಂಡು, ಗಾಜಿನ ಕಲಾವಿದ ಡೇಲ್ ಚಿಹೂಲಿ ಮಾಡಿದ್ದು. ಅದರ ಕೆಳಗೆ ಮಲಗಿಕೊಂಡು ಮೇಲೆ ನೋಡಬಹುದು. ಅತ್ತೆ ಮಲಗಿದವರು ಏಳಲೇ ಇಲ್ಲ.

ಇನ್ನೊಂದು, ನೀರಿನ ಗಡಿಯಾರ. ಆಳೆತ್ತರದ ಐದು ಪಟ್ಟು ಇರುವ ಗಾಜಿನ ಕೊಳವೆ, ಗೋಳಗಳಲ್ಲಿ ಬಣ್ಣದ ನೀರು ತುಂಬುತ್ತಾ ಗಂಟೆ, ನಿಮಿಷ ತೋರಿಸುತ್ತೆ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಅದರ ಮುಂದೆ ನಿಂತಿರಿ. ತುಂಬಿದ್ದೆಲ್ಲಾ ಒಮ್ಮೆಲೇ ಇಳಿದು ಖಾಲಿಯಾಗಿ ಮತ್ತೆ ಮೊದಲಿಂದ ಶುರುವಾಗುತ್ತೆ. ಊಟಕ್ಕೆ ಹೋಗಿ ನಾವು ಇದನ್ನು ತಪ್ಪಿಸಿಕೊಂಡೆವು, ಇನ್ನೂ ಹೊಟ್ಟೆ ಉರಿಯುತ್ತೆ.

ಚಳಿಗಾಲಕ್ಕೆ ಅಂತಲೇ ಅಲ್ಲಿ ಜಾಲಿ ಡೇಸ್ ಅಂತ ಮಾಡುತ್ತಾರೆ, ಎರಡು ಮಹಡಿ ಎತ್ತರದ ಜಾರುಬಂಡಿ ಸಹಿತ. ಮಗಳು ಹನ್ನೊಂದು ಸಲ ಜಾರಿದಳು, ನಾನು ಕೆಳಗೆ ನಾಲ್ಕು ಜನರ ಜಾಕೆಟ್ ಹೊತ್ತುಕೊಂಡು ನಿಂತಿದ್ದೆ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ದಿನ ಹತ್ತಿರ ಬಂದಷ್ಟೂ ಬೆಲೆ ಸಾಮಾನ್ಯವಾಗಿ ಜಾಸ್ತಿ ಆಗುತ್ತೆ.

ಎರಡನೇ ದಿನ ಬೆಳಿಗ್ಗೆ ಐಟಲ್‌ಜಾರ್ಗ್. ಅದು ಅಮೆರಿಕದ ಮೂಲನಿವಾಸಿಗಳ ಮತ್ತು ಪಶ್ಚಿಮ ಭಾಗದ ಕಲೆಯ ಮ್ಯೂಸಿಯಂ, ಮಕ್ಕಳಿಗೆ ಬೋರ್ ಅನ್ನಿಸಬಹುದು. ಆದರೆ ಈ ಸೀಸನ್‌ನಲ್ಲಿ ಜಿಂಗಲ್ ರೈಲ್ಸ್ ಇರುತ್ತೆ. ಮರದ ತೊಗಟೆ, ಕಡ್ಡಿ, ಬೀಜಗಳಲ್ಲೇ ಊರಿನ ಕಟ್ಟಡಗಳನ್ನು ಮಾಡಿ, ನಡುವೆ ಪುಟ್ಟ ರೈಲು ಓಡಿಸುತ್ತಾರೆ. ಹತ್ತಿರ ಹೋಗಿ ನೋಡಿದರೆ ಕಿಟಕಿಯ ಚೌಕಟ್ಟೂ ಕಡ್ಡಿಯದೇ! ರೈಲ್ವೆಯಲ್ಲಿದ್ದು ರಿಟೈರ್ ಆದ ನಮ್ಮ ಮಾವ ಅಲ್ಲಿಂದ ಕದಲಲಿಲ್ಲ.

ಸಂಜೆ ಮಾನ್ಯುಮೆಂಟ್ ಸರ್ಕಲ್. 284 ಅಡಿಯ ಸ್ಮಾರಕದ ತುದಿಯಿಂದ ಕೆಳತನಕ ದೀಪದ ಸರ ಇಳಿಬಿಟ್ಟಿರುತ್ತಾರೆ, 1962ರಿಂದ ನಡೆದುಬಂದಿದೆ. ದುಡ್ಡು ಕೊಡಬೇಕಿಲ್ಲ. ಐದೂವರೆಗೆಲ್ಲಾ ಕತ್ತಲಾಗುತ್ತೆ, ಹಾಗಾಗಿ ಮಕ್ಕಳು ನಿದ್ದೆಗೆ ಜಾರುವ ಮೊದಲೇ ಮುಗಿಯುತ್ತೆ.

ಮೃಗಾಲಯದ ದೀಪಗಳೂ ಚೆನ್ನಾಗಿವೆ, 1967ರಿಂದ ಮಾಡುತ್ತಿದ್ದಾರೆ. ಆದರೆ ಅಪ್ಪ-ಅಮ್ಮ ಮೊದಲ ಸಲ ಈ ಚಳಿ ನೋಡುತ್ತಿದ್ದಾರೆ ಅಂದರೆ ನಾನಾದರೆ ಕರೆದುಕೊಂಡು ಹೋಗಲ್ಲ. ನಾವು ಹೋದ ರಾತ್ರಿ ಮೈನಸ್ ಒಂಬತ್ತು ಇತ್ತು, ಮಗಳು ಒಂದು ಗ್ಲೌಸ್ ಎಲ್ಲೋ ಬೀಳಿಸಿದ್ದಳು, ಅಳು ನಿಲ್ಲಲಿಲ್ಲ, ಇಪ್ಪತ್ತೇ ನಿಮಿಷಕ್ಕೆ ಕಾರಿಗೆ ವಾಪಸ್. ತಪ್ಪು ನನ್ನದೇ, ಹೊರಡುವ ಮುಂಚೆ ಫೋನಿನಲ್ಲಿ ಹವಾಮಾನ ನೋಡಿರಲಿಲ್ಲ.

ಹಾಂ, ಕ್ರಿಸ್‌ಮಸ್ ದಿನ ಚಿಲ್ಡ್ರನ್ಸ್ ಮ್ಯೂಸಿಯಂ ಮುಚ್ಚಿರುತ್ತೆ. ಹೋಟೆಲ್ ಬುಕ್ ಮಾಡುವ ಮೊದಲು ತಾರೀಖು ನೋಡಿಕೊಳ್ಳಿ.