ಇಂಗ್ಲೆಂಡಿನಲ್ಲಿ ಈಸಾಲ್ ಬದಲಿ ಟೀಚರ್ ಕೆಲಸ: ಮೊದಲು ಕಾಗದಪತ್ರ, ಆಮೇಲೆ ಅರ್ಜಿ

ನಮಸ್ಕಾರ ಮೇಡಂ. ಮೈಸೂರಿನಲ್ಲಿ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೀರಿ. ಈಗ ಯಜಮಾನರ ಸ್ಕಿಲ್ಡ್ ವರ್ಕರ್ ವೀಸಾ ಮೇಲೆ ಲೆಸ್ಟರ್‌ಗೆ ಬಂದಿದ್ದೀರಿ. ದೊಡ್ಡವರ ಇಂಗ್ಲಿಷ್ ಕ್ಲಾಸಿಗೆ (ಈಸಾಲ್, ಅಂದರೆ ಬೇರೆ ಮಾತೃಭಾಷೆಯವರಿಗೆ ಕಲಿಸುವ ಇಂಗ್ಲಿಷ್) ಬದಲಿ ಟೀಚರ್ ಆಗಿ ಹೋಗುವುದು ಹೇಗೆ ಅಂತ ಕೇಳಿದ್ದೀರಿ. ಡಿಪೆಂಡೆಂಟ್ ವೀಸಾದಲ್ಲಿ ಈ ಕೆಲಸಕ್ಕೆ ಅಡ್ಡಿಯಿಲ್ಲ, ಆ ಚಿಂತೆ ಬಿಡಿ.

ನಿಮ್ಮ ಪ್ರಶ್ನೆಗೆ ಕೆಲವರು ಜಾಬ್ ಸೈಟ್ ನೋಡಿ ಅಂದಿದ್ದಾರೆ. ಕಾಯಂ ಕೆಲಸಕ್ಕೆ ಅದು ಸರಿ. ಆದರೆ ಎರಡು ವಾರದ ಬದಲಿ ಕೆಲಸಕ್ಕೆ ಯಾರೂ ಜಾಹೀರಾತು ಹಾಕುತ್ತಾ ಕೂರುವುದಿಲ್ಲ. ಬೆಳಿಗ್ಗೆ ಟೀಚರ್ ಹುಷಾರಿಲ್ಲ ಅಂತ ಫೋನ್ ಮಾಡಿದರೆ, ಕೋಆರ್ಡಿನೇಟರ್ ತಮ್ಮ ಪಟ್ಟಿಯಲ್ಲಿರುವವರಿಗೆ ಫೋನ್ ಮಾಡುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಬರಬೇಕು, ಅಷ್ಟೇ.

ಅದಕ್ಕೆ ಕಾಗದಪತ್ರ ಸಿದ್ಧ ಇರಬೇಕು. ನಿಮ್ಮ ಎಂ.ಎ. ಇಲ್ಲಿಯ ಯಾವ ಪದವಿಗೆ ಸಮ ಅಂತ ಹೇಳುವ ಹೋಲಿಕೆ ಪತ್ರವನ್ನು ಯುಕೆ ಎನಿಕ್ ಎಂಬ ಸಂಸ್ಥೆಯಿಂದ ತರಿಸಿಕೊಳ್ಳಿ. ಊರಿನ ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳಬಹುದು, ಅದಕ್ಕೆ ಸಮಯ ಹಿಡಿಯುತ್ತದೆ, ಈಗಲೇ ಶುರು ಮಾಡಿ. ಎನ್‌ಹಾನ್ಸ್ಡ್ ಡಿಬಿಎಸ್‌ಗೆ (ಇಲ್ಲಿಯ ಅಪರಾಧ ದಾಖಲೆ ಪರಿಶೀಲನೆ) ನೀವೇ ಅರ್ಜಿ ಹಾಕಲು ಬರುವುದಿಲ್ಲ, ಕಾಲೇಜೋ ಏಜೆನ್ಸಿಯೋ ಹಾಕಬೇಕು. ಸರ್ಟಿಫಿಕೇಟ್ ಮೇಲಿನ ತಾರೀಖಿನಿಂದ 30 ದಿನದೊಳಗೆ ಅಪ್‌ಡೇಟ್ ಸರ್ವಿಸ್‌ಗೆ (ಅದೇ ಸರ್ಟಿಫಿಕೇಟನ್ನು ಬೇರೆ ಕಡೆಯವರೂ ಆನ್‌ಲೈನ್‌ನಲ್ಲಿ ನೋಡುವ ಸೇವೆ) ಸೇರಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಕಾಲೇಜಿಗೂ ಹೊಸದಾಗಿ ಮಾಡಿಸಬೇಕಾಗಬಹುದು.

ಇನ್ನು ಸೆಲ್ಟಾ, ಅಂದರೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ತರಬೇತಿಯ ಸರ್ಟಿಫಿಕೇಟ್. ಅದಿಲ್ಲದೆ ಆಗಲ್ವಾ ಅಂದರೆ, ಕಷ್ಟ. ಸುಮಾರು 120 ಗಂಟೆಯ ಕೋರ್ಸ್, ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ. ದುಬಾರಿ, ಒಪ್ಪುತ್ತೇನೆ. ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಯಾವುದಾದರೂ ಚಾರಿಟಿ ಅಥವಾ ಲೈಬ್ರರಿಯ ಸಂಭಾಷಣೆ ಗುಂಪಿಗೆ ವಾಲಂಟಿಯರ್ ಆಗಿ ಹೋಗಿ. ಇಲ್ಲಿಯ ರೆಫರೆನ್ಸ್ ಒಂದು ಸಿಕ್ಕರೆ ಊರಿನ ಹತ್ತು ಪತ್ರಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಬೇಜಾರಾಗುವ ಮಾತು, ಆದರೆ ಇರುವುದು ಹಾಗೆ.

ಆಮೇಲೆ ಎಚ್‌ಆರ್‌ಗೆ ಅರ್ಜಿ ಹಾಕಿ ಬಿಟ್ಟರೆ ಸಾಲದು. ಹತ್ತಿರದ ಎಫ್‌ಇ ಕಾಲೇಜು (ಶಾಲೆ ಮುಗಿದ ಮೇಲಿನ ಕೋರ್ಸುಗಳ ಕಾಲೇಜು), ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ವಯಸ್ಕರ ಶಿಕ್ಷಣ ವಿಭಾಗ, ಡಬ್ಲ್ಯುಇಎ ಎಂಬ ವಯಸ್ಕರ ಶಿಕ್ಷಣದ ಚಾರಿಟಿ, ಈ ಕಡೆಗಳಲ್ಲಿ ಈಸಾಲ್ ನೋಡಿಕೊಳ್ಳುವವರಿಗೇ ನೇರವಾಗಿ ಚಿಕ್ಕ ಮೇಲ್ ಬರೆಯಿರಿ. ಯಾವ ದಿನ, ಯಾವ ಹೊತ್ತು ಬರಬಲ್ಲಿರಿ, ಎಷ್ಟು ದೂರ ಬರಬಲ್ಲಿರಿ ಅಂತ ಮೊದಲ ಸಾಲಿನಲ್ಲೇ ಹಾಕಿ. ಸಂಜೆ ಕ್ಲಾಸಿಗೆ ಸಿದ್ಧ ಇದ್ದರೆ ಖಂಡಿತ ಹೇಳಿ, ಆ ಹೊತ್ತಿಗೆ ಜನ ಸಿಗುವುದು ಕಷ್ಟ. ಕಾಲೇಜು ಶುರುವಾಗುವ ಸೆಪ್ಟೆಂಬರ್ ಗಡಿಬಿಡಿಯಲ್ಲಿ ಮೇಲ್ ಕಳೆದುಹೋಗುತ್ತದೆ. ಅಕ್ಟೋಬರ್ ಕೊನೆಯ ಹಾಫ್ ಟರ್ಮ್ ರಜೆ ಮುಗಿದ ಮೇಲೆ ಇನ್ನೊಮ್ಮೆ ನೆನಪಿಸಿ. ಚಳಿಗಾಲದಲ್ಲಿ ಜ್ವರ, ಕೆಮ್ಮು ಶುರುವಾದಾಗ ಫೋನ್ ಬರುತ್ತದೆ.

ಕ್ಲಾಸ್ ಬಗ್ಗೆ ಒಂದು ಮಾತು. ಎಂಟ್ರಿ 1, 2, 3, ಆಮೇಲೆ ಲೆವೆಲ್ 1, 2 ಅಂತ ಹಂತಗಳಿವೆ. ಎಂಟ್ರಿ 1ರಲ್ಲಿ ತಮ್ಮ ದೇಶದಲ್ಲಿ ಇಂಜಿನಿಯರ್ ಆಗಿದ್ದವರ ಪಕ್ಕದಲ್ಲೇ ಶಾಲೆಯ ಮುಖ ನೋಡದವರೂ ಕೂತಿರಬಹುದು. ನಿಮ್ಮ ಡಿಗ್ರಿ ಕಾಲೇಜಿನ ಲೆಕ್ಚರ್ ಅಲ್ಲಿ ನಡೆಯುವುದಿಲ್ಲ. ಅವರಿಗೆ ಬೇಕಾಗಿರುವುದು ಜಿಪಿ (ಹತ್ತಿರದ ಮನೆ ಡಾಕ್ಟರ್) ಹತ್ತಿರ ಅಪಾಯಿಂಟ್‌ಮೆಂಟ್ ಕೇಳುವುದು, ಮಗುವಿಗೆ ಹುಷಾರಿಲ್ಲ ಅಂತ ಶಾಲೆಗೆ ಫೋನ್ ಮಾಡುವುದು. ಬದಲಿ ಟೀಚರಿಗೆ ಜೆರಾಕ್ಸ್ ಮೆಷಿನ್ ಕೋಡ್ ಕೊಡಲು ಯಾರಿಗೂ ನೆನಪಿರುವುದಿಲ್ಲ! ಹಾಗಾಗಿ ಪ್ರಿಂಟ್ ಇಲ್ಲದೆ ಎರಡು ಗಂಟೆ ನಡೆಯುವ ಪಾಠ ಕೈಯಲ್ಲಿರಲಿ. ಸೂಪರ್‌ಮಾರ್ಕೆಟ್ ಆಫರ್ ಚೀಟಿಗಳ ಒಂದು ಕಟ್ಟು ಇದ್ದರೂ ಸಾಕು. ಹಾಜರಿ ಮಾತ್ರ ತಪ್ಪದೆ ಹಾಕಿ, ಅದು ಕೋರ್ಸಿನ ದುಡ್ಡಿನ ಲೆಕ್ಕಕ್ಕೂ ಬೇಕು.

ಏಜೆನ್ಸಿ ಮೂಲಕ ಹೋಗುವುದಾದರೆ, ಕೆಲಸ ಕೊಡಿಸಲು ನಿಮ್ಮಿಂದ ಫೀಸ್ ಕೇಳುವುದು ಇಲ್ಲಿ ಕಾನೂನಿಗೆ ವಿರುದ್ಧ. ಕೇಳಿದರೆ ಎದ್ದು ಬನ್ನಿ. ಅಂಬ್ರೆಲಾ ಕಂಪನಿ (ಏಜೆನ್ಸಿ ಪರವಾಗಿ ನಿಮ್ಮನ್ನು ನೌಕರರಾಗಿ ಇಟ್ಟುಕೊಂಡು ಸಂಬಳ ಕೊಡುವ ಕಂಪನಿ) ಮೂಲಕ ಸಂಬಳ ಅಂದರೆ, ಹೇಳಿದ ಗಂಟೆ ದರದಲ್ಲಿ ಕಂಪನಿ ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರಕ್ಕೆ ಕಟ್ಟುವ ವಂತಿಗೆ) ಕೂಡ ಸೇರಿರುತ್ತದೆ. ಕೈಗೆ ಎಷ್ಟು ಬರುತ್ತದೆ ಅಂತ ತೋರಿಸುವ ಕೀ ಇನ್ಫರ್ಮೇಷನ್ ಡಾಕ್ಯುಮೆಂಟ್ ಕೊಡುವುದು ಏಜೆನ್ಸಿಯ ಕರ್ತವ್ಯ. ಸಹಿಗೆ ಮೊದಲು ಕೇಳಿ ತೆಗೆದುಕೊಳ್ಳಿ. ರಜೆಯ ಹಣ ಗಂಟೆ ದರದಲ್ಲೇ ಸೇರಿದೆಯಾ, ತಯಾರಿ ಸಮಯಕ್ಕೆ ಬೇರೆ ಕೊಡುತ್ತಾರಾ ಅನ್ನುವುದನ್ನೂ ಕೇಳಿಬಿಡಿ. ಕವರ್ ಲೆಟರ್ ಬರೆದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.