ಓದುಗರ ಪ್ರಶ್ನೆ: ಇಬ್ಬರು ರಾಣಿಯರ ಕೊರಳಲ್ಲಿ ಒಂದೇ ಪದಕ

ಪ್ರಶ್ನೆ: ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಇಬ್ಬರು ರಾಣಿಯರ ಚಿತ್ರಗಳಲ್ಲಿ ಒಂದೇ ಬಗೆಯ ಪದಕ ಕಂಡೆ. ಒಬ್ಬಳ ಒಡವೆ ಇನ್ನೊಬ್ಬಳಿಗೆ ಹೋಗುತ್ತಿತ್ತೇ? ಅದು ಈಗ ಎಲ್ಲಿದೆ? — ಓದುಗರೊಬ್ಬರು, ಶಿರಸಿ

ಉತ್ತರ: ನೀವು ಕಂಡದ್ದು ಬಹುಶಃ ಹಾನ್ಸ್ ಹೋಲ್ಬೈನ್ ರಚಿಸಿದ ಎರಡು ಚಿತ್ರಗಳನ್ನು. 1536-37ರ ಚಿತ್ರದಲ್ಲಿ ಹೆನ್ರಿಯ ಮೂರನೆಯ ರಾಣಿ ಜೇನ್ ಸೆಮೋರ್ ಧರಿಸಿರುವ, ಕೆಂಪು ಮತ್ತು ಹಸಿರು ಹರಳುಗಳ ಕೆಳಗೆ ಮುತ್ತೊಂದು ತೂಗುವ ಪದಕವೇ 1540ರ ಸುಮಾರಿನ ಕಿರುಚಿತ್ರವೊಂದರಲ್ಲಿಯೂ ಇದೆ. ಆ ಕಿರುಚಿತ್ರದ ಮೇಲೆ ಹೆಸರಿಲ್ಲ. ಪದಕದ ಆಧಾರದಿಂದಲೇ ಅದು ಹೆನ್ರಿಯ ಐದನೆಯ ರಾಣಿ ಕ್ಯಾಥರೀನ್ ಹೊವರ್ಡ್‌ಳದೆಂದು ಬಹುತೇಕ ವಿದ್ವಾಂಸರು ಹೇಳುತ್ತಾರೆ, ಎಲ್ಲರೂ ಒಪ್ಪಿಲ್ಲ.

ಇಂಥ ಒಡವೆಗಳು ನಾವು ಹೇಳುವ ಸ್ತ್ರೀಧನವಾಗಿರಲಿಲ್ಲ, ರಾಣಿಯ ಪದವಿಗೆ ಸೇರಿದವಾಗಿದ್ದವು. 1532ರಲ್ಲಿ, ಮುಂದೆ ಎರಡನೆಯ ರಾಣಿಯಾದ ಆ್ಯನ್ ಬೋಲಿನ್‌ಗೆಂದು ಒಡವೆಗಳನ್ನು ಕೇಳಿದಾಗ, ಅರಸನ ಸ್ಪಷ್ಟ ಆಜ್ಞೆ ಬರುವವರೆಗೆ ಕೊಡಲಾರೆನೆಂದು ಮೊದಲ ಪತ್ನಿ ಅರಗಾನಿನ ಕ್ಯಾಥರೀನ್ ಪಟ್ಟು ಹಿಡಿದಳು; ಆಜ್ಞೆ ಬಂದ ಮೇಲೆ ಕೊಡಲೇಬೇಕಾಯಿತು. 1547ರಲ್ಲಿ ಹೆನ್ರಿ ತೀರಿಕೊಂಡ ಬಳಿಕ ಕೊನೆಯ ರಾಣಿ ಕ್ಯಾಥರೀನ್ ಪಾರ್ ತನ್ನ ಒಡವೆಗಳಿಗಾಗಿ ಎಷ್ಟು ಬೇಡಿದರೂ, ಬಾಲಕ ಅರಸನ ಪರವಾಗಿ ಆಳುತ್ತಿದ್ದ ಸಾಮರ್ಸೆಟ್ ಅವು ಸಿಂಹಾಸನದ ಸೊತ್ತೆಂದು ಹಿಡಿದಿಟ್ಟನು. ವಿಧವೆಯೊಬ್ಬಳಿಗೆ ಆದ ಈ ಅನ್ಯಾಯ ಓದಿದಾಗಲೆಲ್ಲ ಮನಸ್ಸು ಕಲಕುತ್ತದೆ.

ಆದರೆ ಆಕೆಯ ಒಡವೆಗಳ ಪಟ್ಟಿ ಉಳಿದುಬಂದದ್ದು ಇತಿಹಾಸಕ್ಕೆ ಒದಗಿತು. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯಲ್ಲಿ, 1553ರಲ್ಲಿ ಕೆಲವೇ ದಿನ ರಾಣಿಯಾಗಿದ್ದ ಜೇನ್ ಗ್ರೇಳದೆಂದು ನಂಬಲಾಗಿದ್ದ ಚಿತ್ರವೊಂದರಲ್ಲಿ ಎದೆಯ ಮೇಲಿನ ಕಿರೀಟದಾಕಾರದ ಪದಕವು ಆ ಪಟ್ಟಿಯ ವಿವರಕ್ಕೆ ಹೊಂದಿದ್ದರಿಂದ, ಅದು ಕ್ಯಾಥರೀನ್ ಪಾರ್‌ಳದೇ ಎಂಬ ನಿರ್ಣಯಕ್ಕೆ 1996ರಲ್ಲಿ ದಾರಿಯಾಯಿತು.

ಪಟ್ಟಿಯ ಬೆಂಬಲವಿಲ್ಲದೆ ಬರೀ ಹೋಲಿಕೆಯನ್ನು ನಂಬಬಾರದು. 1554ರಲ್ಲಿ ಆಂಟೊನಿಸ್ ಮೋರ್ ಬಿಡಿಸಿದ ಹೆನ್ರಿಯ ಮಗಳು ರಾಣಿ ಒಂದನೆಯ ಮೇರಿಯ ಚಿತ್ರದಲ್ಲಿರುವ ಮುತ್ತು, ಮುಂದೆ 1969ರಲ್ಲಿ ನಟಿ ಎಲಿಜಬೆತ್ ಟೇಲರ್ ಕೈಸೇರಿದ 'ಲಾ ಪೆರೆಗ್ರಿನಾ' ಎಂದು ಬಹುಕಾಲ ಹೇಳಲಾಗುತ್ತಿತ್ತು. ಪನಾಮದ ಆ ಮುತ್ತು ಸ್ಪೇನಿನ ಅರಮನೆಗೆ ಬಂದದ್ದು 1580ರ ಆಸುಪಾಸಿನಲ್ಲಿ. ಮೇರಿ ತೀರಿಕೊಂಡದ್ದು 1558ರಲ್ಲಿಯೇ; ಹಾಗಾಗಿ ಚಿತ್ರದ ಮುತ್ತು ಅದಾಗಿರಲಾರದು.

ನೀವು ಕೇಳಿದ ಪದಕ ಉಳಿದಿಲ್ಲ. ನಮ್ಮ ಶಿರಸಿ, ಕಾರವಾರಗಳ ಶೇಟರ ಅಂಗಡಿಗಳಲ್ಲಿ ಇಂದಿಗೂ ನಡೆಯುವಂತೆ ಅಲ್ಲಿಯೂ ಹಳೆಯದನ್ನು ಮುರಿಸಿ, ಹರಳು ಕಿತ್ತು ಹೊಸದಕ್ಕೆ ಕೂರಿಸುತ್ತಿದ್ದರು. ಅಳಿದುಳಿದ ಅರಮನೆಯ ಒಡವೆಗಳಲ್ಲಿ ಅನೇಕವನ್ನು ಒಂದನೆಯ ಚಾರ್ಲ್ಸ್‌ನ ರಾಣಿ 1642ರಲ್ಲಿ ಪಾರ್ಲಿಮೆಂಟಿನ ವಿರುದ್ಧದ ಯುದ್ಧದ ಖರ್ಚಿಗೆಂದು ಹಾಲೆಂಡಿಗೆ ಒಯ್ದು ಅಡವಿಟ್ಟಳು, ಮಾರಿದಳು. 1649ರಲ್ಲಿ ಅರಸನ ಶಿರಚ್ಛೇದದ ಬಳಿಕ ಕಿರೀಟಗಳನ್ನೂ ಪಾರ್ಲಿಮೆಂಟು ಕರಗಿಸಿತು.

ಜೇನ್ ಸೆಮೋರ್‌ಳ ಚಿತ್ರ ವಿಯೆನ್ನಾದ ಕಲಾ ವಸ್ತುಸಂಗ್ರಹಾಲಯದಲ್ಲಿಯೂ ಕಿರುಚಿತ್ರವು ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿಯೂ ಇವೆ. ಅವುಗಳನ್ನು ದೊಡ್ಡದು ಮಾಡಿ ನೋಡುವಾಗ, ಕಪ್ಪಾಗಿ ಕಾಣುವ ಚೌಕ ಹರಳುಗಳನ್ನು ಬೇರೆ ಕಲ್ಲೆಂದು ಭಾವಿಸದಿರಿ: ಚಪ್ಪಟೆಯಾಗಿ ಕೊರೆದ ವಜ್ರಗಳನ್ನು ಅಂದಿನ ಕಲಾವಿದರು ಕಪ್ಪು ಬಣ್ಣದಲ್ಲಿಯೇ ತೋರಿಸುತ್ತಿದ್ದರು.